ಕೊರಕಲು ಬಿದ್ದ ಇಳಿಜಾರಿಗೆ ಲಾವಂಚದ ಹೊಲಿಗೆ

ಬಿರುಮಳೆಯ ಹರಿನೀರು ಇಳಿಜಾರಿನಲ್ಲಿ ಮೊದಲು ಬೆರಳಗಲದ ಗೀರುಗಳನ್ನು ಮೂಡಿಸುತ್ತದೆ. ಅವು ಒಂದನ್ನೊಂದು ಕೂಡಿಕೊಂಡಂತೆ ನೀರಿನ ವೇಗವೂ ಬಲವೂ ಹೆಚ್ಚಿ ಆಳವಾದ ಕೊರಕಲು ಬೀಳುವುದರಿಂದ, ಅದನ್ನು ಮುಚ್ಚುವ ಮುನ್ನವೇ ನೆತ್ತಿಯ ಮೇಲೆ ಅಡ್ಡಗಾಲುವೆ ತೋಡಿ ನೀರನ್ನು ಗಟ್ಟಿನೆಲದ ಕಡೆಗೆ ತಿರುಗಿಸಬೇಕಾಗುತ್ತದೆ. ಸಡಿಲ ಮಣ್ಣನ್ನು ಹಾಗೆಯೇ ಸುರಿದರೆ ಮರುಮಳೆಗೆ ಅದೇ ಮೊದಲು ಜಾರುತ್ತದೆಯಾದ್ದರಿಂದ, ಬದಿಗಳನ್ನು ಮೆಟ್ಟಿಲಿನಂತೆ ಕಡಿದು, ತುಂಬುವ ಮಣ್ಣನ್ನು ತೆಳುಪದರಗಳಲ್ಲಿ ದಮ್ಮಸು ಮಾಡಿ, ಬುಡಕ್ಕೆ ಗೇಬಿಯನ್, ಅಂದರೆ ಕಲ್ಲು ತುಂಬಿದ ತಂತಿಬುಟ್ಟಿಗಳ ಆಸರೆ ಕೊಡುತ್ತಾರೆ.

ಮೇಲ್ಮೈಯನ್ನು ಹಿಡಿದಿಡುವ ಕೆಲಸಕ್ಕೆ ಲಾವಂಚದಷ್ಟು ಅಗ್ಗದ, ನೆಚ್ಚಬಹುದಾದ ಸಸ್ಯ ವಿರಳ. ಸಮೋನ್ನತ ರೇಖೆಯ, ಅಂದರೆ ಒಂದೇ ಎತ್ತರದ ಬಿಂದುಗಳನ್ನು ಕೂಡಿಸುವ ಗೆರೆಯ ಉದ್ದಕ್ಕೂ 10ರಿಂದ 15 ಸೆಂಟಿಮೀಟರ್ ಅಂತರದಲ್ಲಿ ನೆಟ್ಟ ಅದರ ಬುಡಗಳು ದಟ್ಟ ಬೇಲಿಯಾಗಿ ನೀರನ್ನು ನಿಧಾನಿಸಿ ಹೂಳನ್ನು ತಡೆಯುತ್ತವೆ; ಬೇರುಗಳು ನೇರವಾಗಿ 2ರಿಂದ 3 ಮೀಟರ್ ಆಳಕ್ಕೂ ಇಳಿಯಬಲ್ಲವು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರಾದ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಪ್ರಚಾರಕ್ಕೆ ತಂದ ಈ ಕ್ರಮ ಗುಂಡ್ಲುಪೇಟೆಯ ರೈತರಿಗೆ ಹೊಸದೇನೂ ಆಗಿರಲಿಲ್ಲ. ಅವರ ಹೊಲದ ಬದುಗಳಲ್ಲಿ ಲಾವಂಚ ಬಹುಕಾಲದಿಂದ ಇತ್ತು. ಪರಿಮಳದ ಬೇರಿಗಾಗಿ ಅದನ್ನೇ ಅಗೆದರೆ ಮಾತ್ರ ಇಳಿಜಾರು ಮತ್ತೆ ಬಯಲಾಗುತ್ತದೆ.

ದಟ್ಟ ನೆರಳಿನಲ್ಲಿ ಲಾವಂಚ ಸೊರಗುತ್ತದೆ. ಅಲ್ಲದೆ, 2018ರ ಆಗಸ್ಟಿನಲ್ಲಿ ಕೊಡಗಿನಲ್ಲಾದಂತೆ ಬೇರುಗಳ ನಿಲುಕಿಗೂ ಕೆಳಗಿನಿಂದ ಗುಡ್ಡವೇ ಕಳಚಿಕೊಂಡಾಗ ಯಾವ ಹುಲ್ಲೂ ಅದನ್ನು ತಡೆಯಲಾರದು.