ಹಳೆಯ ಟರ್ಬೊ ಕಾರಿನ ಅತಿವ್ಯಯ

ಖಾದಿಯ ಕಾರ್ಯದಿಂದಲೂ ತಗಡೂರು ರಾಮಚಂದ್ರರಾಯರ ಹೆಸರಿನಿಂದಲೂ ನಾಡಿಗೆ ಪರಿಚಿತವಾದ ತಗಡೂರಿನಂಥ ಗ್ರಾಮಗಳಲ್ಲಿ ಇಂದು ಓಡಾಡುವ ಕಾರುಗಳ ಪೈಕಿ ಅನೇಕವು, ಪಟ್ಟಣದಲ್ಲಿ ಯಾರದೋ ಕೈಯಲ್ಲಿ ವರ್ಷಾನುವರ್ಷ ದುಡಿದು, ಲಕ್ಷ ಕಿಲೋಮೀಟರುಗಳನ್ನು ಮೀರಿ, ಪ್ರಾಯ ಸಂದ ಬಳಿಕ ಹೊಸ ಯಜಮಾನನನ್ನು ಸೇರಿದವು. 2007ರಲ್ಲಿ ಮಾರುತಿ ಸ್ವಿಫ್ಟಿನೊಡನೆ ಇಲ್ಲಿಯ ರಸ್ತೆಗಿಳಿದು, ಟಾಟಾ ಇಂಡಿಕಾ ವಿಸ್ಟಾ ಮೊದಲಾದ ಹಲವು ವಾಹನಗಳಲ್ಲಿಯೂ ನೆಲೆಗೊಂಡು, ವಾಹನಪ್ರಿಯರಿಂದ ‘ದೇಶದ ಇಂಜಿನು’ ಎಂಬ ಬಿರುದನ್ನೇ ಗಳಿಸಿದ ಫಿಯಟ್ ಮೂಲದ 1248 ಸಿ.ಸಿ. ಡೀಸೆಲ್ ಇಂಜಿನು, 2020ರಲ್ಲಿ ಹೊಗೆಯ ಮಿತಿಯ ಬಿ.ಎಸ್. 6 ನಿಯಮ ಬಂದಾಗ ಮಾರುತಿಯ ಹೊಸ ಕಾರುಗಳಿಂದ ನಿರ್ಗಮಿಸಿತಾದರೂ ಹಳೆಯ ಕಾರುಗಳಲ್ಲಿ ಇನ್ನೂ ಜೀವಂತವಾಗಿದೆ. ಇಂಥ ಕಾರು ಮೈಲೇಜು ಕಳೆದುಕೊಂಡಿತೆಂದರೆ ಸಾಕು, ‘ಟರ್ಬೊ ಹೋಗಿದೆ’ ಎಂಬ ತೀರ್ಪು ಗ್ಯಾರೇಜಿನ ಬಾಗಿಲಲ್ಲಿಯೇ ಹೊರಬೀಳುವುದುಂಟು. ಈ ತೀರ್ಪು ಬಹುಮಟ್ಟಿಗೆ ಅವಸರದ್ದು.

ಮೊದಲು ವ್ಯಯ ನಿಜವಾಗಿ ಹೆಚ್ಚಿದೆಯೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಡ್ಯಾಶ್‌ಬೋರ್ಡಿನ ಮುಳ್ಳು ಎಷ್ಟು ಇಳಿಯಿತೆಂಬುದು ಪ್ರಮಾಣವಲ್ಲ. ಇನ್ನೂರು ರೂಪಾಯಿಗೆ, ಐನೂರು ರೂಪಾಯಿಗೆ ಡೀಸೆಲು ಹಾಕಿಸಿ ಮನಸ್ಸಿನಲ್ಲಿಯೇ ಭಾಗಿಸುವುದು ಅದಕ್ಕಿಂತಲೂ ದುರ್ಬಲ. ಟ್ಯಾಂಕನ್ನು ಪೂರ್ತಿ ತುಂಬಿಸಿ, ಮುನ್ನೂರು ನಾನೂರು ಕಿಲೋಮೀಟರು ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಪುನಃ ಪೂರ್ತಿ ತುಂಬಿಸಿ, ಓಡಿದ ದೂರವನ್ನು ಎರಡನೆಯ ಸಲ ಹಿಡಿದ ಲೀಟರುಗಳಿಂದ ಭಾಗಿಸಿದಾಗ ದೊರಕುವ ಸಂಖ್ಯೆಯೊಂದೇ ನಂಬತಕ್ಕದ್ದು. ಹಿಂದೆ ಮೈಸೂರಿನ ಹೆದ್ದಾರಿಯಲ್ಲಿ ಓಡುತ್ತಿದ್ದ ಕಾರು ಈಗ ಹಳ್ಳಿಯಿಂದ ಹಳ್ಳಿಗೆ ಹಂಪುಗಳನ್ನು ದಾಟುತ್ತ, ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ಎರಡನೆಯ ಗೇರಿನಲ್ಲಿ ತೆವಳುತ್ತ, ಇಂಜಿನು ಬಿಸಿಯೇರುವಷ್ಟರಲ್ಲಿ ಮನೆ ಸೇರುತ್ತಿದ್ದರೆ, ಯಾವ ದೋಷವಿಲ್ಲದೆಯೂ ಮೈಲೇಜು ಕುಸಿಯುತ್ತದೆ.

ಇಷ್ಟಾಗಿಯೂ ವ್ಯಯ ಅಧಿಕವೆಂದೇ ಸಿದ್ಧವಾದರೆ, ಆಗ ಟರ್ಬೊ ಎಂಬುದರ ಕಾರ್ಯವನ್ನು ತಿಳಿಯುವುದು ಆವಶ್ಯಕ. ಒಂದು ಲೀಟರು ಡೀಸೆಲು ಸಂಪೂರ್ಣವಾಗಿ ದಹಿಸಬೇಕಾದರೆ ಸುಮಾರು ಹತ್ತು ಸಾವಿರ ಲೀಟರು ಗಾಳಿ ಬೇಕು. ಕಾರು ಇಂಧನಕ್ಕಿಂತ ಗಾಳಿಯನ್ನೇ ಹೆಚ್ಚಾಗಿ ಸೇವಿಸುವ ಯಂತ್ರವೆಂಬುದನ್ನು ನಾವು ಮರೆಯುವುದು ಗಾಳಿಗೆ ಬೆಲೆಯಿಲ್ಲವೆಂಬ ಕಾರಣದಿಂದಲೇ. ಇಂಜಿನು ಹೊರಕ್ಕುಗುಳುವ ಬಿಸಿ ಹೊಗೆಯಲ್ಲಿ ಇಂಧನದ ಶಕ್ತಿಯ ಮೂರನೆಯ ಒಂದು ಪಾಲಿನಷ್ಟು ವ್ಯರ್ಥವಾಗುತ್ತದೆ. ಆ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲಿಯೇ ಪೇಟೆಂಟು ಪಡೆದನು. ಕಾರಿನ ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತುಗಳನ್ನು ಮೀರಿ ತಿರುಗಬಲ್ಲದು. ಕಮ್ಮಾರನ ತಿದಿ ಎಷ್ಟು ಬಲವಾಗಿದ್ದರೇನು, ಅದರ ಚರ್ಮ ಹರಿದಿದ್ದರೆ ಕುಲುಮೆಯಲ್ಲಿ ಇದ್ದಲು ಹೊಗೆಯಾಡುವುದೇ ಹೊರತು ಕೆಂಡವಾಗದು. ಹಳೆಯ ಟರ್ಬೊ ಕಾರಿನ ಸಂಕಟ ಬಹುಪಾಲು ಇದೇ. ತಿರುಗುವ ಚಕ್ರ ಸರಿಯಾಗಿದ್ದು, ಅಲ್ಲಿಂದ ಇಂಜಿನಿಗೆ ಗಾಳಿಯನ್ನೊಯ್ಯುವ ರಬ್ಬರು ಹೋಸು ವರ್ಷಗಳ ಬಿಸಿಗೆ ಬಿರಿದಿರುತ್ತದೆ, ಅಥವಾ ಅದರ ಕ್ಲಾಂಪು ಸಡಿಲಗೊಂಡಿರುತ್ತದೆ. ಒಳಗೆ ಬಂದ ಗಾಳಿಯನ್ನು ಏರ್ ಫ್ಲೋ ಸೆನ್ಸರು ಆಗಲೇ ಎಣಿಸಿಬಿಟ್ಟಿರುವುದರಿಂದ, ನಡುದಾರಿಯಲ್ಲಿ ಸೋರಿಹೋದುದನ್ನು ಅರಿಯದ ಇಂಜಿನಿನ ಕಂಪ್ಯೂಟರು ಆ ಎಣಿಕೆಗೆ ತಕ್ಕಷ್ಟು ಡೀಸೆಲು ಚಿಮ್ಮಿಸಲು ಅನುಮತಿ ಕೊಡುತ್ತದೆ. ಎಳೆತ ಸಾಲದೆಂದು ಚಾಲಕನು ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತಾನೆ. ಅರೆಬೆಂದ ಇಂಧನ ಕರಿಹೊಗೆಯಾಗಿ ಹೊರಡುತ್ತದೆ.

ಈ ಸೋರಿಕೆಯ ಕಪಟವೇನೆಂದರೆ, ಬಾನೆಟ್ಟು ತೆರೆದು ಇಂಜಿನನ್ನು ಸುಮ್ಮನೆ ಓಡುವಂತೆ ಬಿಟ್ಟು ನೋಡಿದಾಗ ಅದು ಕಾಣಿಸಿಕೊಳ್ಳುವುದೇ ಇಲ್ಲ. ಭಾರ ಬಿದ್ದಾಗ ಮಾತ್ರ ಟರ್ಬೊ ಗಾಳಿಯನ್ನು ಒತ್ತುತ್ತದೆ. ಆಗ ಮಾತ್ರ ಬಿರುಕು ಬಾಯ್ದೆರೆಯುತ್ತದೆ. ಆದಕಾರಣ ಗುಂಡ್ಲುಪೇಟೆಯಾಚೆಯ ಊಟಿಯ ಏರಿನಂಥ ಕಡೆ ‘ಪಿಕಪ್ ಇಲ್ಲ’ ಎನ್ನಿಸಿ, ಜೊತೆಗೆ ಬುಸ್ಸೆಂಬ ಸದ್ದೂ ಹಿಂದೆ ಕಪ್ಪು ಹೊಗೆಯೂ ಇದ್ದರೆ ಹೋಸುಗಳನ್ನೇ ಮೊದಲು ಶಂಕಿಸತಕ್ಕದ್ದು. ಬಲ್ಲ ಮೆಕ್ಯಾನಿಕ್ಕು ಹೋಸನ್ನು ಬಿಚ್ಚಿ, ಬಾಗಿಸಿ, ಮಡಿಕೆಗಳ ಒಳಗನ್ನು ನೋಡುತ್ತಾನೆ. ಗಾಳಿಯ ಮಾರ್ಗಕ್ಕೆ ಹೊರಗಿನಿಂದ ಮಿತವಾದ ಒತ್ತಡ ಕೊಟ್ಟು ಸೋಪಿನ ನೀರು ಸವರಿದರೆ ಸೋರುವೆಡೆಯಲ್ಲಿ ನೊರೆ ಗುಳ್ಳೆಗಳೇಳುತ್ತವೆ. ಸ್ಕ್ಯಾನರು ಇದ್ದಲ್ಲಿ, ಕಾರನ್ನು ಓಡಿಸುತ್ತಲೇ ಕಂಪ್ಯೂಟರು ಬಯಸಿದ ಒತ್ತಡಕ್ಕೂ ದೊರೆತ ಒತ್ತಡಕ್ಕೂ ಇರುವ ಅಂತರವನ್ನು ಓದಬಹುದು. ದೋಷದ ಸಂಖ್ಯೆಯನ್ನಷ್ಟೇ ಓದಿ, ಅಳಿಸಿ, ಹಣ ಪಡೆಯುವುದಕ್ಕೆ ಪರೀಕ್ಷೆಯೆಂಬ ಹೆಸರು ಸಲ್ಲದು.

ಗಾಳಿಯ ಕೊರತೆಗೆ ಇನ್ನೆರಡು ಮೂಲಗಳುಂಟು. ಸುಗ್ಗಿಯಲ್ಲಿ ನಮ್ಮ ರೈತರು ಹುರುಳಿಯನ್ನೂ ರಾಗಿಯನ್ನೂ ರಸ್ತೆಗೇ ಹರವಿ ಒಕ್ಕಣೆಯ ಕೆಲಸವನ್ನು ವಾಹನಗಳಿಗೆ ವಹಿಸಿಬಿಡುವುದರಿಂದ (ಕೂಲಿಯಿಲ್ಲದ ಈ ಸೇವೆ ಅಪಾಯಕರವೆಂಬುದು ಬೇರೆ ಮಾತು) ಏಳುವ ಹೊಟ್ಟುಧೂಳು ಏರ್ ಫಿಲ್ಟರಿನಲ್ಲಿ ಕೂರುತ್ತದೆ. ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮುಂಚೆಯೇ ಅದನ್ನು ನೋಡಬೇಕು. ಹೊಗೆಯ ಅಲ್ಪಾಂಶವನ್ನು ಇಂಜಿನಿಗೆ ಮರಳಿಸುವ ಇ.ಜಿ.ಆರ್. ವಾಲ್ವು ಮಸಿ ಹಿಡಿದು ತೆರೆದೇ ನಿಂತರೆ, ಆಮ್ಲಜನಕದ ಸ್ಥಾನವನ್ನು ಹೊಗೆಯೇ ಆಕ್ರಮಿಸುತ್ತದೆ.

ಟಯರಿನ ಗಾಳಿ ಕಡಿಮೆಯಿರುವುದು, ಬ್ರೇಕು ಪೂರ್ತಿ ಬಿಡದೆ ಕಚ್ಚಿಕೊಂಡಿರುವುದು, ಕ್ಲಚ್ಚು ಜಾರುವುದು, ವ್ಯಯವನ್ನು ಹೆಚ್ಚಿಸುವ ಈ ಇತರ ಕಾರಣಗಳು ಸರ್ವವಿದಿತ. ಇಂಜಿನನ್ನು ತಣಿಸುವ ನೀರಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟು ತೆರೆದುಕೊಂಡೇ ಕೆಟ್ಟಿರುವುದು ಮಾತ್ರ ಸುಲಭವಾಗಿ ಕಣ್ಣು ತಪ್ಪಿಸುವ ದೋಷ: ಇಂಜಿನು ಬಿಸಿಯಾಗದಿದ್ದರೆ ಮಾಲೀಕನು ಸಂತೋಷಪಡುತ್ತಾನೆ, ಆದರೆ ತಣ್ಣಗಿರುವ ಇಂಜಿನಿನಲ್ಲಿ ಎಣ್ಣೆ ಗಟ್ಟಿಯಾಗಿಯೇ ಉಳಿದು, ಘರ್ಷಣೆ ಹೆಚ್ಚಿ, ಡೀಸೆಲು ವ್ಯರ್ಥವಾಗುತ್ತದೆ.

ಇವೆಲ್ಲ ನಿರ್ದೋಷವೆಂದು ಕಂಡ ಮೇಲೆ ಡೀಸೆಲು ಚಿಮ್ಮಿಸುವ ಇಂಜೆಕ್ಟರುಗಳನ್ನು ಪರೀಕ್ಷಾಯಂತ್ರಕ್ಕೆ ಏರಿಸಬೇಕು. ತರುವಾಯವೇ ಟರ್ಬೊವಿನ ಸರದಿ. ಅದರ ಮೂತಿಯ ಹೋಸನ್ನು ತೆಗೆದು, ತಣ್ಣಗಿರುವಾಗ ಅಚ್ಚನ್ನು ಬೆರಳಿನಿಂದ ಅಲುಗಿಸಿದರೆ ಪಕ್ಕಕ್ಕೆ ಕೊಂಚ ಆಡುವುದು ಸಹಜ. ಸಾಮಾನ್ಯವಾಗಿ ಆ ಅಚ್ಚು ನಿಂತಿರುವುದು ಎಣ್ಣೆಯ ತೆಳುಪದರದ ಮೇಲೆ, ಇಂಜಿನು ನಿಂತಾಗ ಆ ಪದರದಲ್ಲಿ ಒತ್ತಡವಿರುವುದಿಲ್ಲ. ಚಕ್ರದ ಅಲಗು ಕವಚಕ್ಕೆ ಉಜ್ಜಿದ ಗುರುತಿದ್ದರೆ, ಅಥವಾ ಅಚ್ಚು ಹಿಂದುಮುಂದಾಗಿ ಸ್ಪಷ್ಟವಾಗಿ ಸರಿದಾಡಿದರೆ, ಆಗ ಟರ್ಬೊ ಹೋಗಿದೆಯೆನ್ನಬಹುದು.