ನಿಮಗಿದು ಗೊತ್ತೇ? ನಾಟ್ಯರಾಣಿಯ ಇಷ್ಟಗಳು ಕಲ್ಲಿನಲ್ಲಿವೆ!

ಸೊರಬ ತಾಲ್ಲೂಕಿನ ಗುಡವಿಗೆ ಹೋಗಿದ್ದೀರಾ? ಮಳೆಗಾಲದಲ್ಲಿ ಅಲ್ಲಿನ ಕೆರೆಯ ಮರಗಳ ಮೇಲೆ ಬೆಳ್ಳಕ್ಕಿ, ಕೆಂಬರಲುಗಳದ್ದೇ ರಾಜ್ಯ. ಹಕ್ಕಿ ನೋಡಿದ್ದಾಯಿತೆಂದು ಹಾಗೇ ಮನೆಗೆ ಹೊರಟುಬಿಡಬೇಡಿ. ಪಕ್ಕದ ಶಿಕಾರಿಪುರ ತಾಲ್ಲೂಕಿನಲ್ಲಿ ಬಳ್ಳಿಗಾವಿ ಇದೆ. ಹೊಯ್ಸಳರ ನಾಟ್ಯರಾಣಿ ಶಾಂತಲೆ ನಮ್ಮೂರ ಮಗಳು ಎಂದು ಎದೆಯುಬ್ಬಿಸಿ ಹೇಳುವ ಊರು ಅದು!

ಇಂದಿನ ಕಲಾವಿದೆಯರಿಗೆ ಏನು ಇಷ್ಟ, ಗುರು ಯಾರು ಎಂದು ಪತ್ರಿಕೆಯವರು ಕೇಳಿ ಬರೆಯುತ್ತಾರೆ. ಶಾಂತಲೆಯ ಬಗ್ಗೆ ಆ ಕೆಲಸ ಮಾಡಿದವರು ಯಾರು ಗೊತ್ತೇ? ಶಾಸನ ಬರೆದವರು! ಶ್ರವಣಬೆಳಗೊಳದ ಕಲ್ಲುಗಳಲ್ಲಿ ಅವಳ ಅಪ್ಪ, ಅಮ್ಮ, ಗುರು, ಇಷ್ಟ ಎಲ್ಲವೂ ಇವೆ. ಅದೂ ಸುಮಾರು 900 ವರ್ಷಗಳ ಹಿಂದೆಯೇ!

ಶಾಂತಲೆ ಬರೀ ನರ್ತಕಿ ಅಂದುಕೊಂಡಿದ್ದೀರಾ? ಶಾಸನ ಅವಳನ್ನು ‘ಗೀತವಾದ್ಯನೃತ್ಯ ಸೂತ್ರಧಾರೆ’ ಎಂದು ಕರೆದಿದೆ. ಹಾಡು ಅವಳ ಕೈಯಲ್ಲಿ, ವಾದ್ಯ ಅವಳ ಕೈಯಲ್ಲಿ, ಕುಣಿತವೂ ಅವಳ ಕೈಯಲ್ಲಿ. ಪಟ್ಟದ ರಾಣಿಗೆ ಈ ಮೂರೂ ಒಲಿದಿದ್ದವು!

ಅವಳಿಗೆ ಬಲು ಇಷ್ಟವಾದ ಇನ್ನೊಂದು ಸಂಗತಿ ಕೇಳಿ: ಕಥೆ! ಜಿನಧರ್ಮದ ಕಥೆಗಳೆಂದರೆ ಅವಳಿಗೆ ಎಲ್ಲಿಲ್ಲದ ಸಂತೋಷ. ಇದನ್ನೂ ಒಂದು ಬಿರುದಾಗಿಯೇ ಕಲ್ಲಿನಲ್ಲಿ ಕೊರೆದಿದ್ದಾರೆ. ಕಥೆಯ ಹುಚ್ಚಿಗೂ ಬಿರುದು ಸಿಗುವ ಕಾಲವಿತ್ತು, ನೋಡಿ!

ಹೊತ್ತು ಕಳೆಯಲು ರಾಣಿಯರು ಏನು ಮಾಡುತ್ತಿದ್ದರು? ಪಗಡೆ ಆಡುತ್ತಿದ್ದರು ಅಂತೀರಾ? ಶಾಂತಲೆಯ ‘ವಿನೋದ’ ಎಂದು ಶಾಸನ ಹೇಳುವುದೇ ಬೇರೆ. ಹಸಿದವರಿಗೆ ಅನ್ನ, ಹೆದರಿದವರಿಗೆ ಅಭಯ, ರೋಗಿಗೆ ಮದ್ದು, ಕಲಿಯುವವರಿಗೆ ಶಾಸ್ತ್ರ. ಈ ನಾಲ್ಕು ದಾನಗಳೇ ಅವಳ ಆಟ!

ಇಷ್ಟು ಮೃದು ಮನಸ್ಸಿನವಳು ಎಂದಿರಾ? ಸ್ವಲ್ಪ ತಡೆಯಿರಿ. ಅವಳ ಇನ್ನೊಂದು ಬಿರುದು ‘ಉದ್ವೃತ್ತ ಸವತಿ ಗಂಧವಾರಣೆ’. ಅಂದರೆ ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ! ಮೆದುವಾಗಿ ಹೆಜ್ಜೆಯಿಡುವ ನರ್ತಕಿಗೆ ಆನೆಯ ಬಿರುದು!

ಇನ್ನೂ ತಮಾಷೆ ಇದೆ. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಲೆ ಒಂದು ಬಸದಿ ಕಟ್ಟಿಸಿದಳು. ಅದಕ್ಕೆ ಬಂದ ಹೆಸರು ಸವತಿಗಂಧವಾರಣ ಬಸದಿ! ಒಳಗೆ ಇರುವವನು ಮಾತ್ರ ಶಾಂತಿನಾಥ. ಹೊರಗೆ ಸವತಿಯರ ಮೇಲೆ ಗುಡುಗು, ಒಳಗೆ ಶಾಂತಿ!

ಸರಿ, ಅವಳ ಗುರು ಯಾರು? ಪ್ರಭಾಚಂದ್ರ ಸಿದ್ಧಾಂತದೇವರು ಎಂಬ ಜೈನ ಮುನಿ. ರಾಣಿ ಕೊಟ್ಟ ಗುರುದಕ್ಷಿಣೆ ಎಷ್ಟು ಗೊತ್ತೇ? ಒಂದಿಡೀ ಊರು! ಬಸದಿಯ ಪೂಜೆಗೆ, ಮುನಿಗಳ ಆಹಾರಕ್ಕೆ ಎಂದು ಮೊಟ್ಟೆನವಿಲೆ ಎಂಬ ಊರನ್ನೇ ಗುರುಗಳಿಗೆ ಧಾರೆ ಎರೆದಳು. ಆದರೆ ಮುನಿಗಳು ತಮಗಾಗಿ ಒಂದು ಗೇಣು ನೆಲವನ್ನೂ ಇಟ್ಟುಕೊಳ್ಳುವವರಲ್ಲ!

ಗುರುವಿನ ಗುರುವನ್ನೂ ನಾವು ಹೆಸರಿಟ್ಟು ಕರೆಯಬಹುದು. ಅವರು ಮೇಘಚಂದ್ರ ತ್ರೈವಿದ್ಯದೇವರು. ತೀರಿಕೊಂಡದ್ದು 1115ರಲ್ಲಿ. ಅದನ್ನೂ ಬೆಳಗೊಳದ ಕಲ್ಲೇ ಹೇಳುತ್ತದೆ. ನಿಮ್ಮ ಗುರುವಿನ ಗುರು ಯಾರು, ಥಟ್ಟನೆ ಹೇಳಿ ನೋಡೋಣ!

ಅದೇ ಪ್ರಭಾಚಂದ್ರರಿಗೆ ಬೋಕಿಮಯ್ಯ ಎಂಬ ಇನ್ನೊಬ್ಬ ಶಿಷ್ಯನಿದ್ದ. ಶಾಂತಲೆ ತೀರಿಕೊಂಡ ಮೇಲೆ ಅವಳ ನೆನಪಿನ ಶಾಸನ ಬರೆದವನು ಅವನೇ. ರಾಣಿಯ ಕಥೆ ನಮಗೆ ಸಿಕ್ಕಿದ್ದು ಅವಳ ಗುರುವಿನ ಇನ್ನೊಬ್ಬ ಶಿಷ್ಯನ ಕೈಯಿಂದ!

ಈಗ ಅವಳ ಮನೆಗೆ ಇಣುಕೋಣ. ಅಪ್ಪ ಮಾರಸಿಂಗಯ್ಯ ಶಿವಭಕ್ತ. ಅಮ್ಮ ಮಾಚಿಕಬ್ಬೆ ಜಿನಭಕ್ತೆ. ಗಂಡ, ಹೊಯ್ಸಳ ರಾಜ ವಿಷ್ಣುವರ್ಧನ ವಿಷ್ಣುಭಕ್ತ. ಶಾಂತಲೆ ಅಮ್ಮನ ದಾರಿ ಹಿಡಿದಳು. ಒಂದೇ ಮನೆಯಲ್ಲಿ ಮೂರು ದೇವರು! ಅವಳಿಗೆ ‘ಸಕಳ ಸಮಯ ರಕ್ಷಾಮಣಿ’, ಅಂದರೆ ಎಲ್ಲ ಮತಗಳನ್ನೂ ಕಾಯುವವಳು ಎಂಬ ಬಿರುದೂ ಇತ್ತು. ಇಂಥ ಮನೆಯನ್ನು ಕಾದವಳಿಗೆ ಅದು ಸಲ್ಲಲೇಬೇಕು!

ಬಳ್ಳಿಗಾವಿಯ ಕಥೆಯೂ ಅದೇ. ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿದ್ದ ಆ ಊರಿನಲ್ಲಿ ಹರಿಗೆ, ಹರನಿಗೆ, ಬ್ರಹ್ಮನಿಗೆ, ಜಿನನಿಗೆ, ಬುದ್ಧನಿಗೆ ಸೇರಿದ ಐದು ಮಠಗಳಿದ್ದವು. ಅದು ಶಾಂತಲೆಯ ಮನೆಗಿಂತ ಎರಡು ಹೆಚ್ಚು!

ಬೇಲೂರಿಗೆ ಹೋದವರೆಲ್ಲ ಚೆನ್ನಕೇಶವನನ್ನು ನೋಡಿ ಬರುತ್ತಾರೆ. ಅದೇ ಅಂಗಳದಲ್ಲಿ ಶಾಂತಲೆ ಕಟ್ಟಿಸಿದ ಗುಡಿಯೂ ಇದೆ, ನೋಡಿದ್ದೀರಾ? ಅದು ಕಪ್ಪೆ ಚೆನ್ನಿಗರಾಯನ ಗುಡಿ. ಜೈನ ರಾಣಿ ಕಟ್ಟಿಸಿದ ವಿಷ್ಣು ಗುಡಿ!

ದೇವರಿಗೇಕೆ ಕಪ್ಪೆಯ ಹೆಸರು? ಜನ ಒಂದು ಕಥೆ ಹೇಳುತ್ತಾರೆ. ಶಿಲ್ಪಿ ಜಕಣಾಚಾರಿ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದ ಒಬ್ಬ ಹುಡುಗ. ವಿಗ್ರಹಕ್ಕೆಲ್ಲ ಗಂಧ ಬಳಿದರು. ಎಲ್ಲ ಕಡೆಯೂ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿ ತಾಗಿಸಿದರೆ ಹೊರಗೆ ಹಾರಿದ್ದು ಕಪ್ಪೆ! ಆ ಹುಡುಗ ಜಕಣಾಚಾರಿಯ ಸ್ವಂತ ಮಗ ಡಂಕಣ!

ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ನಡೆದದ್ದು 1117ರಲ್ಲಿ. ಒಳಗಿನ ನವರಂಗದ ನಡುವೆ ದುಂಡನೆಯ ಕಲ್ಲಿನ ಜಗಲಿ ಇದೆ. ಶಾಂತಲೆ ದೇವರೆದುರು ನರ್ತಿಸಿದ್ದು ಇಲ್ಲೇ ಎನ್ನುತ್ತಾರೆ ಊರಿನವರು. ತಲೆಯೆತ್ತಿ ನೋಡಿದರೆ ಕಂಬದ ಮೇಲಿನಿಂದ ಮದನಿಕೆಯರೆಂಬ ಕಲ್ಲಿನ ಸುಂದರಿಯರು ಇಣುಕುತ್ತಾರೆ!

ಮದನಿಕೆಯರೆಂದರೆ ಕನ್ನಡಿ ಹಿಡಿದ ದರ್ಪಣಸುಂದರಿ ನೆನಪಾಗುತ್ತಾಳಲ್ಲ? ಅದು ಶಾಂತಲೆಯದೇ ರೂಪ ಎಂಬ ಮಾತಿದೆ. ಹಾಗಿದ್ದರೆ ನಮ್ಮ ರಾಣಿ ತೊಂಬತ್ತಲ್ಲ, ನೂರಲ್ಲ, 900 ವರ್ಷಗಳಿಂದ ಕನ್ನಡಿ ಕೆಳಗಿಟ್ಟೇ ಇಲ್ಲ!

ಈ ಮದನಿಕೆಯರಲ್ಲಿ ಕೆಲವರನ್ನು ಕೆತ್ತಿದ್ದು ಯಾರು ಗೊತ್ತೇ? ಬಳ್ಳಿಗಾವಿಯ ದಾಸೋಜ! ಜೊತೆಗೆ ಅವನ ಮಗ ಚಾವಣ. ಅಪ್ಪ ಮಗ ಇಬ್ಬರೂ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿ ಹೋಗಿದ್ದಾರೆ. ಬೇಲೂರಿನ ಸುಂದರಿಯರಿಗೆ ಶಿಕಾರಿಪುರದ ಕಡೆಯ ಉಳಿ ತಾಗಿದೆ ಎಂದಾಯಿತು!

ಹಳೇಬೀಡಿನ ದೇವಾಲಯದಲ್ಲಿ ಅಕ್ಕಪಕ್ಕ ಎರಡು ಲಿಂಗಗಳಿವೆ. ಒಂದು ಹೊಯ್ಸಳೇಶ್ವರ, ರಾಜನ ಹೆಸರಿನದು. ಇನ್ನೊಂದು? ಶಾಂತಲೇಶ್ವರ! ಜಿನಭಕ್ತೆಯ ಹೆಸರಿನಲ್ಲಿ ಶಿವಲಿಂಗ. ಬೇಲೂರು, ಹಳೇಬೀಡುಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಅವುಗಳ ಜೊತೆಗೆ ನಮ್ಮ ನರ್ತಕಿಯ ಹೆಸರೂ ಸೇರಿತು!

ಆ ಕಾಲದಲ್ಲಿ ಕುಣಿಯುತ್ತಿದ್ದ ರಾಣಿ ಅವಳೊಬ್ಬಳೇ ಎಂದುಕೊಳ್ಳಬೇಡಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ರಾಣಿ ಚಂದಲದೇವಿಯೂ ನರ್ತಕಿಯೇ. ಅವಳ ಬಿರುದು ‘ನೃತ್ಯವಿದ್ಯಾಧರಿ’. ಚಕ್ರವರ್ತಿಯ ಅರಮನೆಯಲ್ಲೂ ಗೆಜ್ಜೆ, ಸಾಮಂತನ ಅರಮನೆಯಲ್ಲೂ ಗೆಜ್ಜೆ!

ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಇನ್ನೂ ಒಂದು ಹೆಜ್ಜೆ ಮುಂದೆ. ಶಾಂತಲೆ ಬದುಕಿದ್ದಾಗಲೇ ಅವನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥಕ್ಕೆ ಕೈಹಾಕಿದ್ದ. ನೂರು ಅಧ್ಯಾಯಗಳು! ಅದರಲ್ಲಿ ಹಾಡಿಗೆ, ವಾದ್ಯಕ್ಕೆ, ನೃತ್ಯಕ್ಕೆ ಬೇರೆ ಬೇರೆ ಜಾಗ. ಬರೆದದ್ದು ಪಂಡಿತನಲ್ಲ, ಸಿಂಹಾಸನದ ಮೇಲೆ ಕೂತ ರಾಜ!

ಅದೇ ಪುಸ್ತಕದಲ್ಲಿ ಅಡುಗೆಯೂ ಇದೆ ಎಂದರೆ ನಂಬುತ್ತೀರಾ? ಇಡ್ಲಿಯ ಪೂರ್ವಜ ‘ಇಡ್ಡರಿಕಾ’ ಅಲ್ಲಿ ಸಿಗುತ್ತದೆ. ಮಾಡುವುದು ಬರೀ ಉದ್ದಿನಿಂದ, ಅಕ್ಕಿಯೇ ಇಲ್ಲ! ದೋಸೆಯ ಹಿರಿಯಣ್ಣನೂ ಅಲ್ಲೇ ಇದ್ದಾನೆ. ಶಾಂತಲೆಯ ಕಾಲಕ್ಕೇ ನಮ್ಮ ಬೆಳಗಿನ ತಿಂಡಿ ತಯಾರಾಗುತ್ತಿತ್ತು!

ಮತ್ತೆ ಬಳ್ಳಿಗಾವಿಗೆ ಬನ್ನಿ. ಅಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠ ಎಂಬ ವಿದ್ಯಾಕೇಂದ್ರವಿತ್ತು. 1162ರ ಶಾಸನ ಅಲ್ಲಿನ ಪಾಠಗಳ ಪಟ್ಟಿ ಕೊಡುತ್ತದೆ. ವೇದ, ವ್ಯಾಕರಣ, ನ್ಯಾಯ, ಸಾಂಖ್ಯ, ಯೋಗ, ಪುರಾಣ, ಕಾವ್ಯ, ನಾಟಕ. ಶಿವನ ಮಠದಲ್ಲಿ ಬೌದ್ಧ ದರ್ಶನದ ಪಾಠವೂ ಇತ್ತು!

ಅದಕ್ಕಿಂತ ದೊಡ್ಡ ಬೆರಗು ಅಲ್ಲಿನ ಊಟದ ಪಂಕ್ತಿ. ದೀನರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನವಿತ್ತು. ಅದೇ ಪಂಕ್ತಿಯಲ್ಲಿ ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲೂದುವವರು, ಕುಣಿಯುವವರು! ಬೇಡ ಎನ್ನದೆ ಎಲ್ಲರಿಗೂ ಬಡಿಸಬೇಕು ಎಂದು ಕಲ್ಲಿನಲ್ಲೇ ಬರೆದಿಟ್ಟರು. ಕಲಾವಿದರಿಗೆ ದಿನವೂ ಪುಕ್ಕಟೆ ಊಟ!

ಅಲ್ಲಮಪ್ರಭುವಿನ ಊರೂ ಬಳ್ಳಿಗಾವಿಯೇ. ಅನುಭಾವಿಗಳ ಗುರು ಮೊದಲು ಏನು ಕೆಲಸ ಮಾಡುತ್ತಿದ್ದರು ಗೊತ್ತೇ? ಹರಿಹರ ಕವಿ ಹೇಳುವಂತೆ ದೇವಸ್ಥಾನದಲ್ಲಿ ಮದ್ದಳೆ ಬಾರಿಸುತ್ತಿದ್ದರು! ಕುಣಿಯುವವರ ಕಾಲಿಗೆ ತಾಳ ಕೊಟ್ಟ ಕೈಯೇ ಮುಂದೆ ವಚನ ಬರೆಯಿತು!

ಅಲ್ಲಮನಿಗೆ ಗುರು ಸಿಕ್ಕ ಕಥೆ ಎಲ್ಲಕ್ಕಿಂತ ವಿಚಿತ್ರ. ಅಲ್ಲಮ ಸುಮ್ಮನೆ ಕೂತು ಕಾಲುಗುರಿನಿಂದ ನೆಲ ಕೆರೆಯುತ್ತಿದ್ದನಂತೆ. ಕಂಡದ್ದು ಗುಡಿಯ ಕಳಸ! ಅಗೆಸಿದರೆ ಪೂರ್ತಿ ಗುಡಿ. ಒಳಗೆ ಕಣ್ಣು ಮಿಟುಕಿಸದೆ ಕೂತ ಅನಿಮಿಷ. ಒಂದು ಮಾತೂ ಇಲ್ಲ. ಅವನ ಕೈಯ ಲಿಂಗ ಅಲ್ಲಮನ ಕೈಗೆ ಬಂತು, ಪಾಠ ಮುಗಿಯಿತು!

ಮತ್ತೆ ಶಾಂತಲೆಯ ಕಥೆಗೆ ಬರೋಣ. ಅವಳು ಕೊನೆಯುಸಿರೆಳೆದದ್ದು 1131ರಲ್ಲಿ, ಶಿವಗಂಗೆಯಲ್ಲಿ. ಜಿನಭಕ್ತೆ ದೇಹ ಬಿಟ್ಟ ಜಾಗ ಶಿವಕ್ಷೇತ್ರ! ಮಗಳಿಲ್ಲದ ಮೇಲೆ ತಾಯಿ ಮಾಚಿಕಬ್ಬೆಗೂ ಬದುಕು ಬೇಡವಾಯಿತು. ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು. ಆಗ ಎದುರಿಗಿದ್ದ ಮುನಿಗಳಲ್ಲಿ ಒಬ್ಬರು ಮಗಳ ಗುರು ಪ್ರಭಾಚಂದ್ರರೇ!

ನರ್ತಕಿಯ ಕಥೆಯನ್ನು ಕಾದಂಬರಿ ಮಾಡಿದವರು ಯಾರಿರಬಹುದು? ಮೆತ್ತಗಿನ ಕವಿ ಎಂದುಕೊಂಡರೆ ಸೋತಿರಿ. ‘ಶಾಂತಲಾ’ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಹೆಸರಾಂತ ದೇಹದಾರ್ಢ್ಯಪಟು! ಒಂದು ಕೈಯಲ್ಲಿ ಕಬ್ಬಿಣದ ಗುಂಡು, ಇನ್ನೊಂದರಲ್ಲಿ ಲೇಖನಿ!

ಸಿ.ಕೆ. ನಾಗರಾಜರಾವ್ ಅವರಿಗೂ ಶಾಂತಲೆಯ ಗುಂಗು ಹಿಡಿದಿತ್ತು. ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಸಂಪುಟ ಸಂಪುಟವಾಗಿ ಬೆಳೆಯಿತು. ಶಾಸನದಲ್ಲಿ ಕಂಡ ಬೋಕಿಮಯ್ಯನನ್ನು ಅವರು ಶಾಂತಲೆಗೆ ಪಾಠ ಹೇಳುವ ಮೇಷ್ಟ್ರನ್ನಾಗಿ ಮಾಡಿಬಿಟ್ಟರು. ಈ ಕಾದಂಬರಿಗೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಬಂತು. ಇಡೀ ದೇಶದಲ್ಲಿ ಆ ಪ್ರಶಸ್ತಿ ಪಡೆದ ಮೊದಲಿಗರೇ ನಾಗರಾಜರಾವ್!

ಕೊನೆಗೆ ನಮ್ಮ ಕಾಲಕ್ಕೆ ಬರೋಣ. ಮೈಸೂರು ಅರಮನೆಯ ನರ್ತಕಿ ಜಟ್ಟಿ ತಾಯಮ್ಮ ಅಭಿನಯಕ್ಕೆ ಹೆಸರುವಾಸಿ. ಅವರ ಅಪ್ಪ ಏನು ಮಾಡುತ್ತಿದ್ದರು ಗೊತ್ತೇ? ಕುಸ್ತಿ! ಅಖಾಡದವರ ಮನೆಯಿಂದ ಹೊರಬಂದದ್ದು ಕಣ್ಣಂಚಿನ ಅಭಿನಯ!

ಆ ತಾಯಮ್ಮನವರ ಬಳಿ ಕಲಿತವರು ಕೆ. ವೆಂಕಟಲಕ್ಷಮ್ಮ. 1906ರಲ್ಲಿ ಕಡೂರಿನ ಕಡೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿದವರು. ಮುಂದೆ ಅರಮನೆಯ ಆಸ್ಥಾನ ವಿದುಷಿಯಾದರು. 1992ರಲ್ಲಿ ಪದ್ಮಭೂಷಣ ಬಂತು. ತಾಂಡಾದಿಂದ ಅರಮನೆಗೆ ಕರೆದೊಯ್ದದ್ದು ಅವರ ಗೆಜ್ಜೆ!

ಕರ್ನಾಟಕ ಸರ್ಕಾರ ನೃತ್ಯ ಕಲಾವಿದರಿಗೆ ಕೊಡುವ ದೊಡ್ಡ ಪ್ರಶಸ್ತಿಯೂ ವೆಂಕಟಲಕ್ಷಮ್ಮನವರಿಗೆ ಸಂದಿತು. ಆ ಪ್ರಶಸ್ತಿ ಯಾರ ಹೆಸರಿನಲ್ಲಿದೆ ಎಂದು ನಾನು ಬೇರೆ ಹೇಳಬೇಕೇ? ಶಾಂತಲೆಯ ಹೆಸರಿನಲ್ಲಿ! ಬದುಕಿದ್ದಾಗ ಬಿರುದಿನ ಮೇಲೆ ಬಿರುದು ಪಡೆದವಳು ಅವಳು. ಈಗ ಅವಳ ಹೆಸರೇ ಕಲಾವಿದರಿಗೆ ಬಿರುದು!