ಗೋಕಾಕದ ನೀರು ನೂತ ನೂಲು

ಕಿತ್ತೂರು ನಾಡಿನಿಂದ ಗೋಕಾಕದ ಜಲಪಾತಕ್ಕೆ ಹೋದವರೆಲ್ಲರೂ ಧುಮ್ಮಿಕ್ಕುವ ಘಟಪ್ರಭೆಯನ್ನು ನೋಡಿ ಬೆರಗಾಗುತ್ತಾರೆ; ಅದರ ದಂಡೆಯ ಹತ್ತಿಗಿರಣಿಯನ್ನು ಗಮನಿಸುವವರು ವಿರಳ. 1887ರಲ್ಲಿ ಆರಂಭವಾದ ಆ ಗಿರಣಿಯನ್ನು ನಡೆಸಿದುದು ಈ ನೀರೇ.

ನೀರಿಗೆ ಇಂಥ ಶಕ್ತಿ ಎಲ್ಲಿಂದ ಬಂದಿತು? ಎತ್ತರದಿಂದ. ಜಲಪಾತದ ಎತ್ತರ ಸುಮಾರು 52 ಮೀಟರ್. ಒಂದು ಘನಮೀಟರ್ ನೀರಿನ ದ್ರವ್ಯರಾಶಿ 1000 ಕಿಲೊಗ್ರಾಂ. ಸೆಕೆಂಡಿಗೆ ಅಷ್ಟು ನೀರು ಆ ಎತ್ತರದಿಂದ ಇಳಿದರೆ ದೊರೆಯಬಹುದಾದ ಸಾಮರ್ಥ್ಯ ಸುಮಾರು 510 ಕಿಲೊವ್ಯಾಟ್, ಎಂದರೆ 680 ಅಶ್ವಶಕ್ತಿ! ಬಂಡೆಯ ಮೇಲೆ ಬಿದ್ದ ನೀರಿನಲ್ಲಿ ಈ ಶಕ್ತಿಯು ಅದರ ಉಷ್ಣತೆಯನ್ನು ಒಂದು ಡಿಗ್ರಿಯ ಎಂಟನೆಯ ಒಂದಂಶದಷ್ಟು ಏರಿಸಿ ವ್ಯರ್ಥವಾಗುತ್ತದೆ. ಕೊಳವೆಯಲ್ಲಿ ಇಳಿಸಿದರೆ ಅದೇ ಶಕ್ತಿ ಟರ್ಬೈನನ್ನು ತಿರುಗಿಸುತ್ತದೆ. ಆ ಚಲನೆಯನ್ನು ಹಗ್ಗಗಳು ಮೇಲಿನ ಗಿರಣಿಗೆ ಒಯ್ಯುತ್ತಿದ್ದವು.

ಎತ್ತರ ಸ್ಥಿರ, ಹರಿವು ಅಸ್ಥಿರ. ಬೇಸಗೆಯಲ್ಲಿ ನದಿ ಸೊರಗುವುದರಿಂದ ಧೂಪದಾಳದ ಒಡ್ಡಿನಲ್ಲಿ ತಡೆದ ನೀರೇ ಆಧಾರ. ಒಡ್ಡು, ಕಾಲುವೆ, ಕೊಳವೆ, ಚಕ್ರ ಎಲ್ಲವೂ ಕೂಡಿಯೇ ಒಂದು ಯಂತ್ರ.

ಹಳೆಯ ಜಲಗಿರಣಿಗಳನ್ನು ಉಳಿಸಬಯಸುವವರು ಇದನ್ನು ಮರೆಯಬಾರದು. ಚಕ್ರವೊಂದನ್ನೇ ಕಾಪಾಡಿದರೆ ಕಬ್ಬಿಣ ಉಳಿದೀತು; ನೀರಿನ ದಾರಿ ಅಳಿದರೆ ಅದು ದುಡಿದ ಬಗೆಯನ್ನು ಮುಂದಿನವರು ಕಣ್ಣಾರೆ ಕಾಣಲಾರರು.